ನಿನ್ನೆಗೆ ಕನ್ನಡ, ನಾಳೆಗೆ ಇಂಗ್ಲಿಷು

ನಮ್ಮ ಬೀದರ ಕಡೆಯವರ ಮಾತನ್ನ ಒಮ್ಮೆ ಕಿವಿಗೊಟ್ಟು ಕೇಳಿ. ಹೋದ ವರ್ಷದ ಮಳೆ, ಅಜ್ಜ ಮಾಡಿದ ಸಾಲ, ಅಣ್ಣತಮ್ಮಂದಿರ ಹೊಲದ ಜಗಳ... ಎಲ್ಲಾ ಮನೆ ಮಾತಿನಲ್ಲೇ ಬರುತ್ತೆ. ಆದ್ರೆ "ಮುಂದೇನು?" ಅಂತ ಕೇಳಿ ನೋಡಿ. ತಕ್ಷಣ ಗೋಲ್, ಟಾರ್ಗೆಟ್, ಪ್ಲಾನ್, ಕರಿಯರ್, ಫೋಕಸ್, ಸೆಟಲ್ ಶುರು!

ನಾನೇನು ಅಚ್ಚಗನ್ನಡದ ಹಟ ಹಿಡಿದವನಲ್ಲ. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ ನಮ್ಮದು, ಆ ಹಟ ನಮಗೆ ಒಗ್ಗೋದೂ ಇಲ್ಲ. ಇರಾದೆ, ಉಮೇದು ಉರ್ದುವಿನಿಂದ ಬಂದವು, ಬೇತು ಅನ್ನೋದು ಮರಾಠಿಯದು. ಎಲ್ಲಾ ನಾಳೆಯ ಬಗ್ಗೆ ಮಾತಾಡೋ ಪದಗಳೇ. ಆದರೆ ಔರಾದಿನ ಹಳ್ಳಿಯ ಅಜ್ಜಿಯೂ ಅವನ್ನ ಆಡ್ತಾಳೆ, ಅರ್ಥ ಕೇಳಿದರೆ ಹೇಳ್ತಾಳೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು. ನಮ್ಮದು ಈಗ ಉಲ್ಟಾ, ಹೊರಗೆ ಕನ್ನಡ ಬೋರ್ಡು, ಒಳಗಿನ ಲೆಕ್ಕಾಚಾರ ಎಲ್ಲಾ ಇಂಗ್ಲಿಷು :)

ಇಂಗ್ಲಿಷ್ ಪದ ಅಂದ ಮಾತ್ರಕ್ಕೆ ನಮ್ಮವರಿಗೆ ತಿಳಿಯಲ್ಲ ಅಂತಾನೂ ಇಲ್ಲ. ಸಂವಿಧಾನದ 371(ಜೆ) ತಿದ್ದುಪಡಿ 2012ರಲ್ಲಿ ಪಾಸಾಯ್ತು. ಮೀಸಲಾತಿಗೆ ಬೇಕಾದ ಎಲಿಜಿಬಿಲಿಟಿ ಸರ್ಟಿಫಿಕೇಟು, ಕಟಾಫ್, ಕೌನ್ಸೆಲಿಂಗ್ ಇವೆಲ್ಲ ಶಾಲೆ ಮುಖ ನೋಡದ ಅಪ್ಪಂದಿರಿಗೂ ಗೊತ್ತು. ಯಾಕಂದ್ರೆ ಅವುಗಳ ಹಿಂದೆ ಒಂದು ಸೀಟಿದೆ, ಒಂದು ತಾರೀಖಿದೆ. ಗೋಲ್, ಫೋಕಸ್, ಸೆಟಲ್‌ಗಳ ಹಿಂದೆ ಏನಿದೆ?

ತೊಗರಿ ಮಾರಿ ಫೀಸು ಕಟ್ಟಿದ ಅಪ್ಪ "ಮುಂದ ಹ್ಯಾಂಗಪಾ?" ಅಂತಾನೆ. ಮಗ "ಪ್ಲೇಸ್‌ಮೆಂಟ್ ಟಾರ್ಗೆಟ್ ಅದ, ಇಲ್ಲಂದ್ರ ಹೈಯರ್ ಸ್ಟಡೀಸ್ ಪ್ಲಾನ್ ಅದ" ಅಂತಾನೆ. ಅಲ್ಲಿಗೆ ಮಾತು ಮುಗೀತು. ಎಷ್ಟು ರೊಕ್ಕ, ಯಾವ ತಿಂಗಳು, ಆಗಲಿಲ್ಲಂದ್ರ ಏನು ಅಂತ ಅಪ್ಪ ಕೇಳೋ ಹಾಗಿಲ್ಲ. ಹಾಗಂತ ಆ ಅಪ್ಪನಿಗೆ ಪ್ಲಾನ್ ಮಾಡೋದು ಗೊತ್ತಿಲ್ಲವೇ? ರೋಹಿಣಿ ಮಳೆಗೆ ಹೊಲ ಹಸನು, ಮೃಗಶಿರಕ್ಕೆ ಹದ ಸಿಕ್ಕರೆ ಹೆಸರು, ಉದ್ದು. ಮಳೆ ತಡವಾಯ್ತೋ, ಅವನ್ನ ಬಿಟ್ಟು ತೊಗರಿ. ಬೀಜ ಎಷ್ಟು, ಕೂಲಿ ಎಷ್ಟು ಎಲ್ಲಾ ಬಾಯಲ್ಲೇ ಲೆಕ್ಕ. ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಇಷ್ಟು ಗಟ್ಟಿಯಾದ ರೋಡ್‌ಮ್ಯಾಪ್ ನಾನಂತೂ ಕಂಡಿಲ್ಲ. ಮಗನ ವಿಷಯಕ್ಕೆ ಬಂದಾಗ ಮಾತ್ರ ಈ ಬುದ್ಧಿಯೆಲ್ಲ ಹೊರಗುಳಿಯುತ್ತೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಸರ್ಕಾರವೂ ಕಮ್ಮಿಯಿಲ್ಲ ಬಿಡಿ. ಹಿಂದುಳಿದ ರಾಯಚೂರು, ಯಾದಗಿರಿ 2018ರಲ್ಲಿ ಆಸ್ಪಿರೇಷನಲ್ ಜಿಲ್ಲೆಗಳಾದವು. ಹಸಿವಾದವನನ್ನ ಊಟದ ಆಕಾಂಕ್ಷಿ ಅಂದ ಹಾಗೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಔರಾದ್ ಕಡೆಯ ಹುಡುಗಿಯೊಬ್ಬಳು "ನನಗ ಓದೋ ಆಸೆ ಅದ" ಅಂದ್ರೆ "ಮದುವಿ ಆದ ಮ್ಯಾಲ ಓದು" ಅಂತಾರೆ. ಅದೇ "ಕರಿಯರ್" ಅಂದ್ರೆ ಎರಡು ವರ್ಷ ಸುಮ್ಮನಿರ್ತಾರೆ. ಬಸವಕಲ್ಯಾಣದ ಶರಣರು ಕಾಯಕಕ್ಕೆ ಕೊಟ್ಟಷ್ಟು ಮರ್ಯಾದೆಯನ್ನ ಆಸೆಗೆ ಕೊಡಲಿಲ್ಲ. ಮಹತ್ವಾಕಾಂಕ್ಷೆ ಅನ್ನೋಣ ಅಂದ್ರೆ ಅದು ಭಾಷಣದ ಪದ, ಅಡುಗೆಮನೇಲಿ ನಿಂತು ಅದನ್ನ ಹೇಳೋಕಾಗಲ್ಲ. ಯೋಜನೆ ಅಂದರಂತೂ ಸರ್ಕಾರದ್ದೇ, ಅರ್ಜಿ ಎಲ್ಲಿ ಕೊಡಬೇಕು ಅಂತ ಕೇಳ್ತಾರೆ! ಹಾಗಾಗಿ ಆ ಹುಡುಗಿಯ ಬಾಯಿಂದ ಕರಿಯರ್ ಕಿತ್ಕೊಳ್ಳೋ ಧೈರ್ಯ ನನಗಿಲ್ಲ. ಆ ಪದ ಅವಳಿಗೆ ಕೊಡೆ ಇದ್ದ ಹಾಗೆ.

ನನ್ನ ತಕರಾರು ಇರೋದು ನಮ್ಮಂಥ ಇಂಜಿನಿಯರ್ ಹುಡುಗರ ಮೇಲೆ. ನಮಗೆ ಕೊಡೆ ಬೇಕಿಲ್ಲ, ಆದ್ರೂ ಹಿಡ್ಕೊಂಡೇ ಇರ್ತೀವಿ. ಗೋಲ್ ಅನ್ನಿ, ಬೇಡ ಅನ್ನಲ್ಲ. ಅದನ್ನೇ ಇನ್ನೊಮ್ಮೆ ಅವ್ವನಿಗೆ ತಿಳಿಯೋ ಹಾಗೆ, ರೊಕ್ಕ, ತಿಂಗಳು ಸಮೇತ ಹೇಳಿ ನೋಡಿ. ನನ್ನ ಗೆಳೆಯನೊಬ್ಬ ಹೀಗೆ ಹೇಳೋಕೆ ಹೋಗಿ ಎರಡನೇ ವಾಕ್ಯಕ್ಕೇ ನಿಂತ. ಅವನ ಪ್ಲಾನಿನಲ್ಲಿ ಇದ್ದದ್ದೇ ಒಂದು ವಾಕ್ಯ. ನಿಮ್ಮ ಕಡೆ ಪ್ಲಾನಿಗೆ ಏನಂತಾರೆ? ಹಳೇ ಪದ ಏನಾದ್ರೂ ಉಳಿದಿದ್ರೆ ತಿಳಿಸಿ.