ಮಂಡ್ಯದ ಕಬ್ಬು, ಜಿನೀವಾದ ತೀರ್ಪು

ಮಂಡ್ಯ, ಮದ್ದೂರು, ಮಳವಳ್ಳಿಯ ರೈತರು ನಂಬಿರುವ ಕಬ್ಬಿನ ಎಫ್‌ಆರ್‌ಪಿ ದರದ ಬಗ್ಗೆ ಜಿನೀವಾದಲ್ಲಿ ವಾದ ನಡೆದಿದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಭಾರತದ ಬೆಂಬಲ ಮಿತಿ ಮೀರಿದೆ ಎಂದು ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿದವು. ಬೆಂಬಲವು ಉತ್ಪಾದನಾ ಮೌಲ್ಯದ ಶೇ 10ರ ಮಿತಿ ದಾಟಿದೆ ಎಂದು 2021ರ ಡಿಸೆಂಬರ್‌ನಲ್ಲಿ ಸಮಿತಿ ಹೇಳಿತು. ಭಾರತ ಮೇಲ್ಮನವಿ ಸಲ್ಲಿಸಿತು. ಆದರೆ ಸದಸ್ಯರ ನೇಮಕವಾಗದೆ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದಲೇ ಸ್ತಬ್ಧವಾಗಿತ್ತು.

ಇಂಥ ಸುದ್ದಿ ಹೆಚ್ಚಾಗಿ ಏಜೆನ್ಸಿಗಳಿಂದ ಬರುತ್ತದೆ. ನಮ್ಮ ಗದ್ದೆಗೆ ಇದರಿಂದ ಏನಾದೀತು ಎಂದು ಕೇಳಬೇಕಾದವರು ಜಿಲ್ಲಾ ವರದಿಗಾರರು. ಕರ್ನಾಟಕ ಮಾಧ್ಯಮ ಅಕಾಡೆಮಿ ಅವರಿಗೆ ವ್ಯಾಪಾರ ಒಪ್ಪಂದಗಳ ತರಬೇತಿ, ಬ್ರೆಜಿಲ್‌ನ ಕಬ್ಬಿನ ಸೀಮೆಗೆ ಪ್ರವಾಸದ ನೆರವು ನೀಡಲಿ. ಖರ್ಚು ಯಾರದೆಂದು ವರದಿಯಲ್ಲೇ ಅಚ್ಚಾಗಲಿ, ಯಾರನ್ನು ಮಾತನಾಡಿಸಬೇಕೆಂಬುದನ್ನು ವರದಿಗಾರರೇ ನಿರ್ಧರಿಸಲಿ. ಹಂಗಿಗೆ ಬಿದ್ದ ಲೇಖನಿ ರೈತರ ಪ್ರಶ್ನೆ ಕೇಳಲಾರದು.