ಗುಡಾರಕ್ಕೂ ಬಾಡಿಗೆ!

ನಿರಾಶ್ರಿತನೆಂದರೆ ಸರ್ಕಾರದ ಗುಡಾರದಲ್ಲಿ ಕುಳಿತು ಧರ್ಮದ ಗಂಜಿ ಕುಡಿಯುವವನೆಂದು ಅನೇಕರು ತಿಳಿದಿದ್ದಾರೆ. ಲೆಬನಾನಿನ ಬೆಕಾ ಕಣಿವೆಯ ಸ್ಥಿತಿ ತಿಳಿದವರಿಗೆ ಈ ಭ್ರಮೆ ಉಳಿಯಲಾರದು.

2011ರಲ್ಲಿ ಸಿರಿಯಾ ಹೊತ್ತಿಕೊಂಡಿತು. 2014ರಲ್ಲಿ ಲೆಬನಾನಿನಲ್ಲಿ ಹೆಸರು ನೋಂದಾಯಿಸಿದ ಸಿರಿಯನ್ನರು ಹತ್ತು ಲಕ್ಷ ದಾಟಿದರು. ಅವರಿಗಾಗಿ ಶಿಬಿರ ತೆರೆಯಲು ಅಲ್ಲಿನ ಸರ್ಕಾರ ಒಪ್ಪಲಿಲ್ಲ. ಬಡವರಲ್ಲಿ ಬಡವರು ಹೊಲಗಳಲ್ಲಿ ಮರದ ಚೌಕಟ್ಟು ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆಯನ್ನೂ ಹಳೆಯ ಜಾಹೀರಾತಿನ ಬಟ್ಟೆಯನ್ನೂ ಹೊದಿಸಿಕೊಂಡರು. ಆ ನೆಲಕ್ಕೆ ಒಡೆಯನಿಗೆ ಬಾಡಿಗೆ ತೆರಬೇಕು! ನಡುವೆ ‘ಶಾವೀಶ್’ ಎಂಬ ಮೇಸ್ತ್ರಿ. ಎಷ್ಟೋ ಕಡೆ ಬಾಡಿಗೆ ವಸೂಲು ಮಾಡುವವನೂ ಅವನೇ, ಹೆಂಗಸರು ಮಕ್ಕಳನ್ನು ಹೊಲದ ಕೂಲಿಗೆ ಅಟ್ಟುವವನೂ ಅವನೇ, ಆ ಕೂಲಿಯಲ್ಲಿ ಪಾಲು ಮುರಿದುಕೊಳ್ಳುವವನೂ ಅವನೇ. ನಮ್ಮ ಗಿರಣಿ ಕಾರ್ಮಿಕರಿಗೆ ಈತನ ಪರಿಚಯ ಮಾಡಿಕೊಡಬೇಕಾಗಿಲ್ಲ.

ಕುಡಿಯುವ ನೀರು ಲಾರಿಯಲ್ಲಿ ಬರಬೇಕು. ಕಕ್ಕಸಿನ ಗುಂಡಿ ಬರಿದುಮಾಡಲೂ ಲಾರಿಯೇ ಬರಬೇಕು. ದಾನದ ಹಣ ಇಳಿದರೆ ಎರಡಕ್ಕೂ ಕುತ್ತು. 2019ರ ಜನವರಿಯ ಬಿರುಗಾಳಿಗೆ ಅನೇಕ ಗುಡಾರಗಳಿಗೆ ನೀರು ನುಗ್ಗಿತು. ಗೋಡೆ ಕಟ್ಟಿಕೊಳ್ಳಬಾರದೇ? ಕೂಡದು! ಅದೇ ವರ್ಷ ಅರ್ಸಾಲಿನಲ್ಲಿ ನಿರಾಶ್ರಿತರು ಎಬ್ಬಿಸಿದ್ದ ಗೋಡೆಗಳನ್ನು ಸರ್ಕಾರದ ಆಜ್ಞೆಯಂತೆ ಕೆಡವಬೇಕಾಯಿತು.

2019ರಿಂದೀಚೆಗೆ ಲೆಬನಾನಿನ ಬ್ಯಾಂಕುಗಳು ಕುಸಿದು, ಅಲ್ಲಿನ ನಾಣ್ಯ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಬೆಲೆ ಕಳೆದುಕೊಂಡಿತು. ಸಿರಿಯನ್ನರು ಬಂದು ನಮ್ಮ ಕೂಲಿ ಇಳಿಸಿದರೆಂದು ಸ್ಥಳೀಯ ಕೂಲಿಗಾರ ಗೊಣಗುತ್ತಾನೆ. ಅವನ ಸಂಕಟ ಸುಳ್ಳಲ್ಲ. ಆದರೆ ವಾಸದ ಕಾಗದವಿಲ್ಲದವನು ಕೂಲಿಯ ಚೌಕಾಸಿ ಮಾಡುವುದೆಂತು? ಅವನ ಬಾಯಿ ಕಟ್ಟಿದವರೇ ಇಬ್ಬರ ಕೂಲಿಯನ್ನೂ ಇಳಿಸಿದವರು. ನಿರಾಶ್ರಿತರ ಪಡಿತರ ಕಾರ್ಡಿನ ಹಣವಾದರೋ ಲೆಬನಾನಿನ ಅಂಗಡಿಗಳಿಗೇ ಸೇರಿತೆಂಬುದನ್ನು ನಮ್ಮ ವರ್ತಕ ಮಿತ್ರರು ಗಮನಿಸಬೇಕು.

2024ರ ಡಿಸೆಂಬರಿನಲ್ಲಿ ಅಸಾದ್ ಆಡಳಿತ ಉರುಳಿತು. ಲಕ್ಷಾಂತರ ಜನ ತಾಯ್ನಾಡಿಗೆ ಮರಳಿದರು. ಮನೆ ಮಣ್ಣುಗುಡ್ಡೆಯಾದವರು ಎಲ್ಲಿಗೆ ಮರಳಬೇಕು?

1951ರ ನಿರಾಶ್ರಿತರ ಒಪ್ಪಂದಕ್ಕೆ ಲೆಬನಾನು ಸಹಿ ಹಾಕಿಲ್ಲ; ಭಾರತವೂ ಹಾಕಿಲ್ಲ. ಆದರೂ 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಸುಮಾರು 3,000 ಎಕರೆ ನೆಲ ಕೊಟ್ಟಿತು. ಕಾಡು ಕಡಿದು ಅವರು ಮೆಕ್ಕೆಜೋಳ ಬೆಳೆದರು. ನೆಲವೂ ಕೆಲಸವೂ ಸಿಕ್ಕಿದರೆ ನಿರಾಶ್ರಿತ ಹೊರೆಯಲ್ಲವೆಂಬುದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ. ವಾಸದ ಕಾಗದ, ಸಮಾನ ಕೂಲಿ, ನೀರು, ಕಕ್ಕಸು—ಇವು ಭಿಕ್ಷೆಯಲ್ಲ, ಹಕ್ಕು ಎಂದು ನಾವು ಸಾರುತ್ತೇವೆ.