ಪೊರಕೆ ಹಿಡಿದವರ ಸಂಬಳ

ತಮಿಳುನಾಡಿನ ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಆಲಸನತ್ತಂನ ಬೀದಿಯಲ್ಲಾಗಲಿ ನಮ್ಮ ಕಾಸರಗೋಡಿನಲ್ಲಾಗಲಿ, ಗುಡಿಸುವ ಹೆಂಗಸಿಗೆ ಗಂಡಾಳಿನಷ್ಟೇ ಸಂಬಳ ಸಲ್ಲಬೇಕೆಂಬುದು ಹೊಸ ಮಾತಲ್ಲ. 1976ರ ಸಮಾನ ವೇತನ ಕಾಯಿದೆಯೇ ಅದನ್ನು ವಿಧಿಸಿತ್ತು. 2025ರ ನವೆಂಬರಿನಿಂದ ಅದರ ಸ್ಥಾನದಲ್ಲಿ ವೇತನ ಸಂಹಿತೆ ಬಂದಿದೆ.

ತೊಡಕಿರುವುದು ಹೋಲಿಕೆಯಲ್ಲಿ. ಅದೇ ಬಗೆಯ ಕೆಲಸ ಮಾಡುವ ಗಂಡಸನ್ನು ತೋರಿಸಿದರಷ್ಟೇ ಈ ಕಾನೂನು ಕಣ್ಣು ತೆರೆಯುತ್ತದೆ. ನಮ್ಮ ಪಂಚಾಯತುಗಳ ಹರಿತ ಕರ್ಮಸೇನೆಯಲ್ಲಿ ಗಂಡಸರೆಲ್ಲಿದ್ದಾರೆ? ಮನೆಮನೆಯಿಂದ ಪ್ಲಾಸ್ಟಿಕ್ ಹೊರುವ ಆ ಕುಟುಂಬಶ್ರೀ ಹೆಂಗಸರಿಗೆ ಮನೆಯವರು ಕೊಡುವ ಶುಲ್ಕವೇ ಮುಖ್ಯ ಆದಾಯ. ಆಶಾ ಕಾರ್ಯಕರ್ತೆಯರದು 'ಗೌರವಧನ'. 2025ರ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟೇರಿಯೆಟ್ ಮುಂದೆ ತಿಂಗಳುಗಟ್ಟಲೆ ಕುಳಿತ ಮೇಲೆ ಅದು 7,000ದಿಂದ 8,000 ರೂಪಾಯಿಗೆ ಏರಿತು. ಗೌರವಕ್ಕೆ ಇಷ್ಟು ಅಗ್ಗದ ದರವಿದೆಯೆಂದು ಶಬ್ದಕೋಶ ನೋಡಿದವರಿಗೆ ತಿಳಿಯದು.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರಸಭೆಯಲ್ಲಿ ಕಸ ಸಾಗಿಸುವ ಗಂಡಸರಿಗೆ ಬೋನಸು ಸಿಗುತ್ತಿತ್ತು. ಅದೇ ದರ್ಜೆಯ ಅಡುಗೆಯವಳಿಗೆ, ಗುಡಿಸುವವಳಿಗೆ ಇಲ್ಲ. ಕೆಲಸ ಬೇರೆಯಾದರೂ ಮೌಲ್ಯ ಸಮವಾಗಿದ್ದರೆ ವೇತನವೂ ಸಮವೆಂಬುದು ಅಲ್ಲಿನ ಕಾನೂನು. ಕೆಲಸ ಬಿಟ್ಟವರೂ ವರ್ಷಗಳ ಬಳಿಕ ದಾವೆ ಹೂಡಬಹುದೆಂದು 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2023ರಲ್ಲಿ ಆ ನಗರಸಭೆ ದಿವಾಳಿಯ ಅಂಚಿಗೆ ಬಂದುದಕ್ಕೆ ಈ ಬಾಕಿಯೂ ಒಂದು ಕಾರಣ.

ಖಜಾನೆಗೆ ಭಾರವೆಂದು ನಮ್ಮವರು ಹೇಳಿಯಾರು. ಬಾಕಿಯನ್ನು ಬೆಳೆಯಬಿಟ್ಟರೆ ಭಾರವೇ. ಹರಿತ ಕರ್ಮಸೇನೆಯವಳ ಹೊರೆಯನ್ನು ಅದೇ ಪಂಚಾಯತಿನ ಕಾಯಂ ಜವಾನನ ದುಡಿಮೆಯ ಪಕ್ಕದಲ್ಲಿಟ್ಟು ಸರಕಾರ ಈಗಲೇ ತೂಗಿ ನೋಡಲಿ.